ಹೆರಿಗೆಯ ಸಾವಿಗೆ ದೇವರ ಚಿತ್ತವೆನ್ನಬೇಡಿರಿ



ಲೈನಿನಲ್ಲಿ ಒಬ್ಬ ಬಾಣಂತಿ ತೀರಿಕೊಂಡರೆ ನಾವು ಹೇಳುವ ಮಾತು ಒಂದೇ: "ಅವಳ ಆಯುಸ್ಸು ಅಷ್ಟೇ ಇತ್ತು, ದೇವರ ಚಿತ್ತ." ದುಃಖದ ಮನೆಗೆ ಆ ಮಾತು ಸಮಾಧಾನ ಕೊಡಬಹುದು. ಆದರೆ ಅದು ನಿಜವೇ ಎಂದು ನಾವು ಕೇಳಿಕೊಳ್ಳಬೇಕು.

2018-20ರ ಸರಕಾರಿ ಲೆಕ್ಕ ನೋಡಿರಿ. ಒಂದು ಲಕ್ಷ ಮಕ್ಕಳು ಹುಟ್ಟುವಷ್ಟರಲ್ಲಿ ಕೇರಳದಲ್ಲಿ 19 ತಾಯಂದಿರು ತೀರಿಕೊಂಡರು. ತಮಿಳುನಾಡಿನಲ್ಲಿ 54, ಕರ್ನಾಟಕದಲ್ಲಿ 69. ನಮ್ಮಂತೆಯೇ ಚಹಾ ತೋಟಗಳಿರುವ ಅಸ್ಸಾಮಿನಲ್ಲಿ 195. ಗೂಡಲೂರಿನ ಕಡೆಯವರಾದ ನಮಗೆ ಮೂರು ರಾಜ್ಯಗಳೂ ಹತ್ತಿರ. ಚೆಕ್‌ಪೋಸ್ಟ್ ದಾಟಿದ ಕೂಡಲೆ ದೇವರ ಚಿತ್ತ ಬದಲಾಗುವುದೇ? ಬದಲಾಗುವುದು ಮನುಷ್ಯರು ಮಾಡಿದ ಏರ್ಪಾಡು.

ತಾಯಂದಿರು ಸಾಯುವುದು ಏತರಿಂದ? ಮೊದಲನೆಯದು ರಕ್ತಸ್ರಾವ. ಮಗು ಹುಟ್ಟಿದ ಮೇಲೆ ಗರ್ಭಕೋಶ ಬಿಗಿಯಾಗಿ ಮುದುಡಬೇಕು. ಮುದುಡದಿದ್ದರೆ, ಇಲ್ಲವೆ ಮಾಸು ಒಳಗೇ ಉಳಿದರೆ, ರಕ್ತ ನಿಲ್ಲುವುದಿಲ್ಲ. ಗಟ್ಟಿಮುಟ್ಟಾದ ಹೆಂಗಸೂ ಕೆಲವೇ ಗಂಟೆಗಳಲ್ಲಿ ಪ್ರಾಣ ಬಿಡಬಹುದು. ಮೊದಲೇ ರಕ್ತ ಕಡಿಮೆಯಿದ್ದವಳಿಗೆ ಅಷ್ಟು ಹೊತ್ತೂ ಸಿಗದು. ನಾವೋ, ಹೊಟ್ಟೆ ತೊಳಸುತ್ತದೆಂದು ಕಬ್ಬಿಣದ ಮಾತ್ರೆಯನ್ನು ಬಿಸಾಡುತ್ತೇವೆ, ಊಟದ ಜೊತೆಗೇ ಕಡುಚಹಾ ಕುಡಿಯುತ್ತೇವೆ. ನಾವು ಕೀಳುವ ಈ ಎಲೆಯೇ ಅನ್ನದೊಳಗಿನ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಬಸುರಿಯ ಚಹಾ ಊಟಕ್ಕಿಂತ ಒಂದು ಗಂಟೆ ಹಿಂದೆ ಇಲ್ಲವೆ ಮುಂದೆ ಇರಲಿ.

ಎರಡನೆಯದು ರಕ್ತದೊತ್ತಡ. ಮುಖ ಊದುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಕೊನೆಗೆ ಫಿಟ್ಸ್. ಇದು ಗಾಳಿ ಸೋಕಿದ್ದಲ್ಲ. ಮಂತ್ರಿಸಿದ ದಾರ ಬೇಡ. ಪ್ರಾರ್ಥನೆಗೆಂದು ಅವಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ಬೇಡ. ಆಸ್ಪತ್ರೆಯ ದಾರಿಯಲ್ಲಿ ಪ್ರಾರ್ಥಿಸೋಣ. ಮೂರನೆಯದು ನಂಜು: ಹೆರಿಗೆಯಾದ ಮೇಲೆ ಚಳಿಜ್ವರ, ಕೆಟ್ಟ ವಾಸನೆ. ಇವಲ್ಲದೆ ಮಗು ಅಡ್ಡವಾಗಿ ಹೆರಿಗೆ ನಿಂತುಹೋಗುವುದುಂಟು. ತೀರ ಚಿಕ್ಕ ವಯಸ್ಸಿನ ಬಸಿರು, ಮೇಲಿಂದ ಮೇಲೆ ಹೆರಿಗೆ, ಇವೂ ಅಪಾಯವನ್ನು ಹೆಚ್ಚಿಸುತ್ತವೆ.

ಇವಕ್ಕೆಲ್ಲ ಇಂದು ಔಷಧವುಂಟು, ಇಂಜೆಕ್ಷನ್ ಉಂಟು, ಶಸ್ತ್ರಕ್ರಿಯೆಯುಂಟು. ತಡಕ್ಕೆ ಮಾತ್ರ ಔಷಧವಿಲ್ಲ.

ವೆಲ್ಲೂರು ಆಸ್ಪತ್ರೆಯನ್ನು ಕಟ್ಟಿದ ಐಡಾ ಸ್ಕಡರ್ ಅವರ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. 1890ರ ದಶಕದಲ್ಲಿ, ತಿಂಡಿವನದಲ್ಲಿ, ಒಂದೇ ರಾತ್ರಿ ಮೂವರು ಗಂಡಸರು ತಮ್ಮ ಹೆಂಡಿರ ಹೆರಿಗೆಗೆ ಆಕೆಯನ್ನು ಕರೆಯಲು ಬಂದರು. ಆಕೆ ಆಗ ಡಾಕ್ಟರಲ್ಲ. ತಂದೆ ಡಾಕ್ಟರು, ಮನೆಯಲ್ಲೇ ಇದ್ದರು. ಗಂಡಸು ಡಾಕ್ಟರು ಬೇಡವೆಂದು ಮೂವರೂ ಹಿಂದಿರುಗಿದರು. ಬೆಳಗಾಗುವಷ್ಟರಲ್ಲಿ ಮೂವರು ತಾಯಂದಿರೂ ಸತ್ತಿದ್ದರು. ಡಾಕ್ಟರು ಇದ್ದರು, ಕರೆದೊಯ್ಯುವ ಮನಸ್ಸು ಇರಲಿಲ್ಲ.

ನಮ್ಮಲ್ಲೂ ತಡ ಮನೆಯಿಂದಲೇ ಶುರುವಾಗುತ್ತದೆ. ಅತ್ತೆ "ಬೆಳಗಾಗಲಿ" ಎನ್ನುತ್ತಾಳೆ. ಗಂಡ ಸಂಬಳದ ದಿನ ಎಣಿಸುತ್ತಾನೆ. ಎರಡನೆಯ ತಡ ದಾರಿಯದು: ಲೈನಿಗೆ ಜೀಪು ಹತ್ತದ ರಸ್ತೆ, ಕಾಡಾನೆಯ ಭಯ. ಮೂರನೆಯದು ಆಸ್ಪತ್ರೆಯದು: ಡಾಕ್ಟರು ಇಲ್ಲ, ರಕ್ತವಿಲ್ಲ, ಬೇರೆ ಊರಿಗೆ ಹೋಗಿರಿ. ಒಂದೊಂದು ತಡಕ್ಕೂ ಹೊಣೆಗಾರರಿದ್ದಾರೆ.

ಎಸ್ಟೇಟಿಗೂ ಹೊಣೆಯುಂಟು. ತೋಟದ ಕೆಲಸಗಾರರಿಗೆ ವೈದ್ಯಕೀಯ ಸೌಲಭ್ಯ ಕೊಡಬೇಕೆಂದು 1951ರಲ್ಲೇ ಪಾರ್ಲಿಮೆಂಟು ಕಾನೂನು ಮಾಡಿತು. 2017ರಲ್ಲಿ ಹೆರಿಗೆ ರಜೆಯನ್ನು, ಮೊದಲ ಎರಡು ಮಕ್ಕಳಿಗೆ, 12 ವಾರಗಳಿಂದ 26 ವಾರಗಳಿಗೆ ಏರಿಸಿದರು. ಆದರೆ ಕೂಲಿ ಕಡಿತದ ಭಯದಿಂದ ದಿನ ತುಂಬುವವರೆಗೂ ಬುಟ್ಟಿ ಹೊತ್ತು ಏರು ಹತ್ತುವವಳಿಗೆ ಕಾಗದದ ಕಾನೂನಿನಿಂದ ಏನು ಪ್ರಯೋಜನ? ನಾವು ಕೇಳಬೇಕಾದದ್ದು ಭಿಕ್ಷೆಯಲ್ಲ. ರಾತ್ರಿ ಹೊತ್ತು ಒಂದು ವಾಹನ, ಅದಕ್ಕೊಬ್ಬ ಡ್ರೈವರು. ತಪಾಸಣೆಗೆ ಹೋದ ದಿನದ ಕೂಲಿ ಹಿಡಿಯಬಾರದು. ಬಸುರಿಗೆ ಹಗುರ ಕೆಲಸ. ತಾತ್ಕಾಲಿಕ ಕೆಲಸದವಳಿಗೂ ಇದೇ ನ್ಯಾಯ.

ಸರಕಾರದಿಂದ ನಮಗೆ ಬರಬೇಕಾದದ್ದನ್ನೂ ತಿಳಿದಿರೋಣ. 2011ರ ಯೋಜನೆಯಂತೆ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಶಸ್ತ್ರಕ್ರಿಯೆ, ಔಷಧ, ರಕ್ತ, ಹೋಗಿಬರುವ ವಾಹನ ಎಲ್ಲವೂ ಉಚಿತ. ಹಣ ಕೇಳಿದರೆ ಒಬ್ಬರೇ ನಿಂತು ಅಳಬೇಡಿರಿ, ಸಂಘದವರನ್ನು ಕರೆಯಿರಿ.

ನಮ್ಮ ಕೂಟಗಳೂ ಎರಡು ಕೆಲಸ ಮಾಡಲಿ. ಯಾವ ಮನೆಯಲ್ಲಿ ಬಸುರಿಯಿದ್ದಾಳೆ, ಯಾವ ತಿಂಗಳು ಎಂದು ಪ್ರತಿ ಲೈನಿನಲ್ಲಿಯೂ ಬರೆದಿಡಲಿ. ರಕ್ತ ಕೊಡಬಲ್ಲ ಯುವಕರ ಹೆಸರು, ಗುಂಪು, ಫೋನ್ ನಂಬರಿನ ಪಟ್ಟಿ ಇರಲಿ. 108ಕ್ಕೆ ಫೋನು ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲವೆಂದು ಪ್ರತಿ ಸೊಸೆಗೂ ಹೇಳಿಕೊಡಿರಿ.

ಸಾವಿನ ಮನೆಗೆ ನಾವೆಲ್ಲ ತಪ್ಪದೆ ಹೋಗುತ್ತೇವೆ. ಕೆಲಸ ಬಿಟ್ಟು ಹೋಗುತ್ತೇವೆ, ಹೆಗಲು ಕೊಡುತ್ತೇವೆ. ಆ ಹೆಗಲನ್ನು ನೋವು ಶುರುವಾದ ರಾತ್ರಿಯೇ ಕೊಡೋಣ.