ಪಡಸಾಲೆಯಲ್ಲಿ ಯಾರಿಗೆ ಸ್ಥಳ?

ಈ ಪುಟವನ್ನು ಓದುತ್ತಿರುವ ನೀವು ಬಹುಶಃ ನಿಮ್ಮ ಮನೆಯ ಪಡಸಾಲೆಯಲ್ಲಿಯೇ ಕುಳಿತಿರಬಹುದು. ಒಂದು ಕ್ಷಣ ತಲೆಯೆತ್ತಿ ಸುತ್ತಲೂ ನೋಡಿರಿ. ಎದುರಿನ ದೊಡ್ಡ ಗೋಡೆಯ ನಡುಮಧ್ಯದಲ್ಲಿ ಏನಿದೆ? ಟಿ.ವಿ. ಅದರ ಸುತ್ತ ಗಾಜಿನ ಶೋಕೇಸ್. ಅದರೊಳಗೆ ಬಣ್ಣದ ಗೊಂಬೆಗಳು, ಒಂದು ದಿನವೂ ಚಹಾ ಕಾಣದ ಕಪ್ಪು ಬಸಿಗಳು, ವರ್ಷಗಳಿಂದ ಬಾಡದೆ ಧೂಳು ಹಿಡಿದ ಪ್ಲಾಸ್ಟಿಕ್ ಹೂಗಳು. ಸೋಫಾದ ಎರಡೂ ಪಕ್ಕಕ್ಕೆ ಎರಡು ಟೀಪಾಯಿಗಳು; ಅವುಗಳ ಮೇಲೆ ಒಂದು ಲೋಟ ನೀರಿಡಲೂ ಜಾಗವಿಲ್ಲದಂತೆ ಜೋಡಿಸಿಟ್ಟ ಅಲಂಕಾರದ ಸಾಮಾನುಗಳು. ಹಾಗಾದರೆ ಯೇಸುಸ್ವಾಮಿಯ ಪವಿತ್ರ ಹೃದಯದ ಚಿತ್ರ ಎಲ್ಲಿದೆ? ಬಾಗಿಲಿನ ನೆತ್ತಿಯ ಮೇಲೆ, ಚಾವಣಿಗೆ ತಾಗುವಷ್ಟು ಎತ್ತರದಲ್ಲಿ, ಮಿಣುಕುವ ಬಲ್ಬುಗಳ ಸರದ ನಡುವೆ. ಅದನ್ನು ಕಾಣಬೇಕಾದರೆ ಕುತ್ತಿಗೆ ನೋಯಬೇಕು.

ಇದು ನಿಮ್ಮೊಬ್ಬರ ಮನೆಯ ಚಿತ್ರವಲ್ಲ. ಯಾದಗಿರಿಯಿಂದ ಶಹಾಪುರಕ್ಕೆ, ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯುದ್ದಕ್ಕೂ ನಮ್ಮ ವಿಶ್ವಾಸಿಗಳ ಮನೆಗಳನ್ನು ಹೊಕ್ಕು ಬಂದವರಿಗೆ ಈ ಚಿತ್ರ ಪರಿಚಿತವೇ ಆಗಿದೆ. ನನ್ನ ಮನೆಯೂ ಹೀಗೆಯೇ ಇತ್ತು. ಆದುದರಿಂದ ಈ ಬರಹದ ಮೊದಲ ಆರೋಪಿ ನಾನೇ.

ಮನೆ ಕಟ್ಟಿಕೊಂಡುದು ತಪ್ಪಲ್ಲ. ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟು ಎದ್ದು, 1980ರ ದಶಕದಿಂದೀಚೆಗೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿಯಿತು. ಜೋಳ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ ಬಂದಿತು. ನೀರು ಬಂದ ಊರುಗಳಲ್ಲಿ ಮಣ್ಣಿನ ಮಾಳಿಗೆಗಳು ಕಣ್ಮರೆಯಾಗಿ ಸಿಮೆಂಟಿನ ಚಾವಣಿಗಳು ಬಂದವು. ನೀರು ಬಾರದ ಊರುಗಳ ಜನರು ಬೆಂಗಳೂರು, ಪುಣೆ, ಮುಂಬಯಿಗಳಿಗೆ ದುಡಿಯಲು ಹೋಗಿ, ಇಟ್ಟಿಗೆ ಹೊತ್ತು, ಕಾಂಕ್ರೀಟು ಕಲೆಸಿ, ಉಳಿಸಿದ ಹಣದಿಂದ ಊರಿನಲ್ಲಿ ಎರಡು ಕೋಣೆ ಎಬ್ಬಿಸಿದರು. ಸೋರದ ಚಾವಣಿಯ ಕೆಳಗೆ ಮಕ್ಕಳನ್ನು ಮಲಗಿಸಬೇಕೆಂಬ ತಂದೆತಾಯಿಗಳ ಆಸೆ ದೇವರಿಗೆ ಮೆಚ್ಚುಗೆಯಾದ ಆಸೆಯೇ. ಆದರೆ ಆ ಚಾವಣಿಯ ಕೆಳಗಿನ ಮೊದಲ ಕೋಣೆಯನ್ನು ನಾವು ಯಾರಿಗಾಗಿ ಅಲಂಕರಿಸುತ್ತಿದ್ದೇವೆ ಎಂಬುದೇ ನನ್ನ ಪ್ರಶ್ನೆ.

ಈ ಪ್ರಶ್ನೆಯನ್ನು ನನಗೆ ಕಲಿಸಿದವರು ಒಬ್ಬ ಮುದುಕಿ. ಹತ್ತಿ ಬಿಡಿಸುವ ಕಾಲವದು. ಸಂಜೆ ಹೊಲದಿಂದ ನೇರವಾಗಿ ನಮ್ಮ ಮನೆಗೆ ಬಂದರು. ಬೆಂಗಳೂರಿಗೆ ದುಡಿಯಲು ಹೋದ ಮಗನಿಂದ ಬಹಳ ದಿನಗಳಿಂದ ಸುದ್ದಿಯಿಲ್ಲ, ಒಂದು ಪ್ರಾರ್ಥನೆ ಮಾಡಿರೆಂದು ಕೇಳಲು ಬಂದವರು. ಪಡಸಾಲೆಯಲ್ಲಿ ಹೊಸ ಸೋಫಾ ಖಾಲಿಯಿತ್ತು. ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ನಾವು ಇನ್ನೂ ತೆಗೆದಿರಲಿಲ್ಲ. ಆ ತಾಯಿ ಒಳಗೆ ಕಣ್ಣು ಹಾಯಿಸಿ, ಹೊಸ್ತಿಲ ಆಚೆ, ಚಪ್ಪಲಿಗಳ ಪಕ್ಕದಲ್ಲಿ ಕುಳಿತುಬಿಟ್ಟರು. ನಾನು, "ಆಯೀ, ಒಳಗ ಬಾ, ಮ್ಯಾಲ ಕೂಡ್ರು" ಎಂದೆ. ಅವರು, "ಬ್ಯಾಡ ಯವ್ವಾ, ನನ್ನ ಸೀರಿ ತುಂಬ ಮಣ್ಣದ. ನಿನ್ನ ಕುರ್ಚಿ ಹೊಲಸಾಗ್ತದ" ಎಂದರು. ನಾನು ಮತ್ತೊಮ್ಮೆ ಕರೆಯಲಿಲ್ಲ. ಸತ್ಯವನ್ನೇ ಹೇಳಬೇಕೆಂದರೆ, ಅವರು ಒಳಗೆ ಬಾರದಿದ್ದುದು ಆ ಕ್ಷಣಕ್ಕೆ ನನಗೆ ಸಮಾಧಾನವನ್ನೇ ತಂದಿತ್ತು. ಹೊಸ್ತಿಲಿನಲ್ಲಿಯೇ ನಿಂತು ಪ್ರಾರ್ಥನೆ ಹೇಳಿದೆ. ಅವರು ಎದ್ದು ಹೋದ ಮೇಲೆ ಕೋಣೆಯನ್ನು ನೋಡಿದೆ. ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು. ಬಂದ ಅತಿಥಿಗೆ ಮಾತ್ರ ಜಾಗವಿರಲಿಲ್ಲ.

ಓದುಗರೇ, ಹೊಸ್ತಿಲಿನ ಹೊರಗೆ ಕುಳಿತುಕೊಳ್ಳುವುದೆಂದರೇನು ಎಂಬುದು ನಮಗೆ ಗೊತ್ತಿರದ ಸಂಗತಿಯಲ್ಲ. ನಮ್ಮಲ್ಲಿ ಅನೇಕ ಕುಟುಂಬಗಳ ಅಜ್ಜ ಮುತ್ತಜ್ಜಂದಿರು ಊರಿನ ದೊಡ್ಡ ಮನೆಗಳ ಪಡಸಾಲೆಯನ್ನು ಒಳಗಿನಿಂದ ಕಂಡವರಲ್ಲ. ಅಂಗಳದಲ್ಲಿ ನಿಂತು ಕೂಲಿ ಪಡೆದರು, ದೂರದಿಂದ ಎತ್ತಿ ಸುರಿದ ನೀರನ್ನು ಬೊಗಸೆಯಲ್ಲಿ ಕುಡಿದರು. ಪ್ರಭು ಕ್ರಿಸ್ತರ ಶುಭಸಂದೇಶ ಈ ನಾಡಿಗೆ ಬಂದಾಗ ಅವರ ಮನಸ್ಸನ್ನು ಗೆದ್ದ ಸಂಗತಿಗಳಲ್ಲಿ ಒಂದು, ದೇವಾಲಯದೊಳಗೆ ಎಲ್ಲರೂ ಒಂದೇ ಜಮಖಾನೆಯ ಮೇಲೆ ಕುಳಿತುಕೊಳ್ಳಬಹುದೆಂಬುದು. ಅಂಥವರ ಮೊಮ್ಮಕ್ಕಳಾದ ನಾವು ಇಂದು ನಮ್ಮದೇ ಹೊಸ್ತಿಲಿನ ಆಚೆ ಒಬ್ಬ ಕೂಲಿಯ ಮುದುಕಿಯನ್ನು ಕೂರಿಸಿದ್ದೇವೆ. ಜಾತಿಯ ಹೆಸರು ಹೇಳಿ ಯಾರನ್ನೂ ತಡೆದಿಲ್ಲ, ನಿಜ. ತಡೆಯುವ ಕೆಲಸವನ್ನು ಸೋಫಾಕ್ಕೆ ಒಪ್ಪಿಸಿದ್ದೇವೆ.

ಸಂತ ಯಕೋಬರು ತಮ್ಮ ಪತ್ರದ ಎರಡನೆಯ ಅಧ್ಯಾಯದಲ್ಲಿ ಬರೆದುದು ಕುರ್ಚಿಗಳ ವಿಷಯವನ್ನೇ ಅಲ್ಲವೇ? ಚಿನ್ನದ ಉಂಗುರ ತೊಟ್ಟವನು ಸಭೆಗೆ ಬಂದರೆ ಒಳ್ಳೆಯ ಆಸನ, ಹರಕು ಬಟ್ಟೆಯವನು ಬಂದರೆ ಕಾಲ ಬಳಿ ಜಾಗ ಎಂದು ಭೇದ ಮಾಡಿದವರನ್ನು ಅವರು ಕೆಟ್ಟ ಆಲೋಚನೆಯ ನ್ಯಾಯಾಧೀಶರೆಂದು ಖಂಡಿಸುತ್ತಾರೆ. ಇದು ದೇವಾಲಯಕ್ಕೆ ಹೇಳಿದ ಮಾತು, ಮನೆಗಲ್ಲ ಎಂದು ನುಣುಚಿಕೊಳ್ಳುವಂತಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ, ಧರ್ಮಸಭೆಯನ್ನು ಕುರಿತ ತನ್ನ ದಸ್ತಾವೇಜಿನಲ್ಲಿ, ಕ್ರೈಸ್ತ ಕುಟುಂಬವನ್ನು ಗೃಹ ಧರ್ಮಸಭೆ ಎಂದೇ ಕರೆದಿದೆ. ಮನೆಯೇ ಧರ್ಮಸಭೆಯಾದರೆ ಪಡಸಾಲೆಯ ಆಸನಗಳಿಗೂ ಯಕೋಬರ ಮಾತು ಅನ್ವಯಿಸುತ್ತದೆ.

"ಹಾಗಾದರೆ ಮನೆಯಲ್ಲಿ ಅಂದಚೆಂದವೇ ಬೇಡವೇ? ಬಡತನದಲ್ಲಿಯೇ ಇರಬೇಕೇ?" ಎಂದು ಕೆಲವರು ಸಿಟ್ಟಿನಿಂದ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಬಡವರ ಮನೆಯಲ್ಲಿ ಒಂದು ಚೆಂದದ ವಸ್ತು ಕಂಡರೆ ಹುಬ್ಬೇರಿಸುವ ಉಳ್ಳವರ ಬುದ್ಧಿಗೆ ನನ್ನ ಧಿಕ್ಕಾರವಿದೆ. ಪವಿತ್ರ ಬೈಬಲ್ ಕೂಡ ಅಂದವಾದ ಕೋಣೆಗೆ ವಿರೋಧಿಯಲ್ಲ. ಅರಸುಗಳ ಎರಡನೆಯ ಗ್ರಂಥದ ನಾಲ್ಕನೆಯ ಅಧ್ಯಾಯವನ್ನು ತೆರೆದು ನೋಡಿರಿ. ಶೂನೇಮಿನ ಅನುಕೂಲಸ್ಥ ಗೃಹಿಣಿಯೊಬ್ಬಳು ಪ್ರವಾದಿ ಎಲೀಷನಿಗಾಗಿ ಮಾಳಿಗೆಯ ಮೇಲೆ ಒಂದು ಚಿಕ್ಕ ಕೋಣೆ ಕಟ್ಟಿಸಿದಳು. ಅದರಲ್ಲಿ ಇರಿಸಿದ್ದು ನಾಲ್ಕೇ ವಸ್ತು: ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ, ಒಂದು ದೀಪ. ಹಣವಿದ್ದವಳು ಇನ್ನಷ್ಟು ತುಂಬಬಹುದಿತ್ತು. ಆದರೆ ಅವಳು ಒಂದೊಂದು ವಸ್ತುವನ್ನೂ ಬರುವವನ ದಣಿವನ್ನು ನೆನೆದು ಇರಿಸಿದಳು. ಮಲಗಲು ಮಂಚ, ಕೂರಲು ಕುರ್ಚಿ, ಉಣ್ಣಲು ಬರೆಯಲು ಮೇಜು, ಕತ್ತಲಾದರೆ ದೀಪ. ಮೇಜು ಕುರ್ಚಿಗಳನ್ನು ಜೋಡಿಸುವ ಕಲೆಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ.

ನಮ್ಮ ಟೀಪಾಯಿಯ ಪಾಡು ನೋಡಿ. ಅದು ಬಂದವರ ಕೈಗೆಟಕುವಂತೆ ಏನನ್ನಾದರೂ ಇಡಲು ಹುಟ್ಟಿದ ಪುಟ್ಟ ಮೇಜು. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಬಾಗಿಲಿಗೆ ಬಂದವರಿಗೆ ಮೊದಲು ಬೇಕಾದುದು ನೀರು. ಹಿಂದೆ ಹಿರಿಯರು ಮಾತಿಗಿಂತ ಮೊದಲು ತಂಬಿಗೆ ತಂದಿಡುತ್ತಿದ್ದರು. ಈಗ ನೀರಿನ ಲೋಟ ಹಿಡಿದ ಅತಿಥಿ, ಟೀಪಾಯಿಯ ಮೇಲಿನ ಗಾಜಿನ ಹಂಸಗಳಿಗೆ ತಗಲಬಾರದೆಂದು, ಕುಡಿದು ಮುಗಿಯುವವರೆಗೂ ಲೋಟವನ್ನು ಕೈಯಲ್ಲಿಯೇ ಹಿಡಿದು ಕೂರಬೇಕಾಗಿದೆ.

ಇನ್ನು ಈ ಸಾಮಾನುಗಳು ಎಲ್ಲಿಂದ ಬಂದವು ಎಂಬುದನ್ನೂ ಕೇಳಿಕೊಳ್ಳೋಣ. ಕೆಲವು ಕಂತಿನ ಮೇಲೆ ಬಂದವು. ಸಂಘದಲ್ಲಿ ಬಿತ್ತನೆ ಬೀಜಕ್ಕೆಂದು ಎತ್ತಿದ ಸಾಲ ಶೋಕೇಸಾಗಿ ಗೋಡೆಗೆ ಒರಗಿ ನಿಂತಿರುವ ಮನೆಗಳಿವೆ. ಇನ್ನು ಕೆಲವು ಸೊಸೆಯ ಹಿಂದೆ ಟ್ರ್ಯಾಕ್ಟರಿನಲ್ಲಿ ಬಂದವು. ವರದಕ್ಷಿಣೆಯನ್ನು ನಿಷೇಧಿಸುವ ಕಾನೂನು 1961ರಲ್ಲಿಯೇ ಆಗಿದೆ. ನಾವು ಕ್ರೈಸ್ತರು ಅದನ್ನು ಕೇಳುವುದಿಲ್ಲವೆಂದು ಹೇಳಿಕೊಳ್ಳುತ್ತೇವೆ. ಆದರೆ "ಅವರ ಮಗಳಿಗೆ ಅವರೇ ಕೊಟ್ಟರು" ಎಂಬ ಮಾತಿನ ಹಿಂದೆ ಹೆಣ್ಣಿನ ತಂದೆಯ ಎರಡು ಎಕರೆ ಹೊಲ ಒತ್ತೆ ಬಿದ್ದಿರುವುದನ್ನು ನೋಡಿಯೂ ನೋಡದಂತೆ ಇರುತ್ತೇವೆ. ಹಾಗೆ ಬಂದ ಸೋಫಾದ ಮೇಲೆ ಕುಳಿತು ಜಪಸರ ಪ್ರಾರ್ಥನೆ ಹೇಳುವಾಗ, ದೀನರನ್ನು ಮೇಲೆತ್ತುವ ದೇವರನ್ನು ಹಾಡಿ ಕೊಂಡಾಡಿದ ಮಾತೆ ಮರಿಯಳಿಗೆ ಹೇಗನ್ನಿಸೀತು?

ಚಿತ್ರಗಳ ವಿಷಯಕ್ಕೆ ಬರೋಣ. ಪವಿತ್ರ ಹೃದಯದ ಚಿತ್ರವನ್ನು ಮನೆಯಲ್ಲಿ ಪ್ರತಿಷ್ಠಾಪಿಸುವ ಪದ್ಧತಿಯನ್ನು 1907ರಿಂದ ಹರಡಿದವರು ಪೆರು ದೇಶದ ಫಾದರ್ ಮತೇಯೊ ಕ್ರಾಲೆ-ಬೋವಿಯವರು. ಆ ಪದ್ಧತಿಯ ತಿರುಳೇ ಸ್ಥಳದ ಪ್ರಶ್ನೆ. ಕುಟುಂಬವು ದಿನನಿತ್ಯ ಕೂಡಿ ಕೂರುವ ಮುಖ್ಯ ಕೋಣೆಯಲ್ಲಿ, ಗೌರವದ ಜಾಗದಲ್ಲಿ ಪ್ರಭುವಿಗೆ ಆಸನ ಕೊಡುವುದು, ಆ ಮನೆಯ ನಿರ್ಧಾರಗಳಿಗೆಲ್ಲ ಆತನೇ ಒಡೆಯನೆಂದು ಒಪ್ಪಿಕೊಳ್ಳುವುದು. ನಾವು ಪ್ರತಿಷ್ಠಾಪನೆಯ ದಿನ ಗುರುಗಳನ್ನು ಕರೆದು, ಊಟ ಹಾಕಿಸಿ, ಮರುದಿನ ಟಿ.ವಿ. ಬಂದಾಗ ಒಡೆಯನನ್ನು ಬಾಗಿಲ ಮೇಲಕ್ಕೆ ಏರಿಸಿದ್ದೇವೆ. ಗೋಡೆಯ ಮಧ್ಯವನ್ನು ಯಾರಿಗೆ ಕೊಟ್ಟೆವೋ ಸಂಜೆಯನ್ನೂ ಅವರಿಗೇ ಕೊಟ್ಟೆವು. ಧಾರಾವಾಹಿ ಮುಗಿದ ಮೇಲೆ ಪ್ರಾರ್ಥನೆ. ಅಷ್ಟರಲ್ಲಿ ಮಕ್ಕಳಿಗೆ ನಿದ್ರೆ.

ಸುರಪುರದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಚಿತ್ರಕ್ಕೆ ಮರ್ಯಾದೆ ಕೊಡುವುದು ಹೇಗೆಂದು ಆ ಊರು ನಾಡಿಗೇ ಕಲಿಸಿದೆ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಕಿರುಚಿತ್ರಗಳು ಇಂದಿಗೂ ಪ್ರಸಿದ್ಧವಾಗಿವೆ. ಕೂದಲೆಳೆಯಂಥ ಗೆರೆ, ಚಿನ್ನದ ಹಾಳೆಯ ಲೇಪ, ಅಂಗೈಯಗಲದ ಜಾಗದಲ್ಲಿ ಇಡೀ ಒಂದು ದರ್ಬಾರು. ಅಂಥ ಚಿತ್ರವನ್ನು ದೂರದಿಂದ ನೋಡಲಾಗದು. ಹತ್ತಿರ ಬರಬೇಕು, ನಿಲ್ಲಬೇಕು, ಬಾಗಬೇಕು. ರಾಜಾ ವೆಂಕಟಪ್ಪ ನಾಯಕನ ಹೋರಾಟ 1858ರಲ್ಲಿ ಸೋತು ಸಂಸ್ಥಾನ ಅಳಿದಾಗ ಆ ಕುಂಚಗಳಿಗೂ ಆಶ್ರಯ ತಪ್ಪಿತು. ಆದರೂ ಕಲೆ ಪೂರ್ಣವಾಗಿ ಸತ್ತಿಲ್ಲ. ಕಲಬುರಗಿ ಭಾಗದಲ್ಲಿ ಆ ಶೈಲಿಯನ್ನು ಕಲಿತು ಬರೆಯುವ ಕಲಾವಿದರಿದ್ದಾರೆ. ದೀಪಗಳು ಮಿಣುಕುವ ಫ್ರೇಮಿಗೆ ಸಾವಿರಾರು ರೂಪಾಯಿ ಕೊಡುವ ನಾವು, ನಮ್ಮದೇ ನಾಡಿನ ಕೈಯಿಂದ ಕ್ರಿಸ್ತಜಯಂತಿಯ ಒಂದು ಕಿರುಚಿತ್ರವನ್ನು ಬರೆಯಿಸಿ ಕಣ್ಣಿನ ಮಟ್ಟದಲ್ಲಿ ತೂಗುಹಾಕಿದರೆ ಹೇಗಿದ್ದೀತು? ಅಷ್ಟು ಹಣವಿಲ್ಲದ ಮನೆಯಲ್ಲಿ ಅವ್ವ ಹಳೆಯ ಸೀರೆಗಳಿಂದ ಹೊಲಿದ ಕೌದಿಯಿದೆ. ಅದನ್ನು ನಾಚಿಕೆಯಿಂದ ಪೆಟ್ಟಿಗೆಯ ತಳದಲ್ಲಿ ಅಡಗಿಸಿದವರೇ ಪಟ್ಟಣದ ಅಂಗಡಿಯಲ್ಲಿ ಅಂಥದೇ ಕೌದಿಯ ಬೆಲೆ ಕೇಳಿ ಬೆರಗಾಗಿದ್ದಾರೆ.

ಹಾಗಾದರೆ ಏನು ಮಾಡಬೇಕು? ಖರ್ಚಿಲ್ಲದ ಕೆಲವು ಕೆಲಸಗಳನ್ನು ಹೇಳುತ್ತೇನೆ. ಮುಂದಿನ ಭಾನುವಾರ ಬಲಿಪೂಜೆ ಮುಗಿಸಿ ಬಂದ ಮೇಲೆ ಮನೆಮಂದಿಯೆಲ್ಲ ಸೇರಿ ಮಾಡಿರಿ. ಟಿ.ವಿ.ಯನ್ನು ಪಕ್ಕದ ಗೋಡೆಗೆ ಸರಿಸಿರಿ. ಪವಿತ್ರ ಹೃದಯದ ಚಿತ್ರವನ್ನು ಕೆಳಗಿಳಿಸಿ, ನೆಲದ ಮೇಲೆ ಕುಳಿತ ಮಗುವಿಗೂ ಸ್ವಾಮಿಯ ಮುಖ ಕಾಣುವಷ್ಟು ಎತ್ತರದಲ್ಲಿ ಇರಿಸಿರಿ. ಎರಡು ಟೀಪಾಯಿಗಳಿದ್ದರೆ ಒಂದನ್ನು ಆ ಚಿತ್ರದ ಕೆಳಗಿಟ್ಟು ಅದರ ಮೇಲೆ ಪವಿತ್ರ ಬೈಬಲನ್ನು ತೆರೆದಿಡಿ. ಇನ್ನೊಂದನ್ನು ಬರಿದಾಗಿ ಬಿಡಿ, ನೀರಿನ ಲೋಟಕ್ಕಾಗಿ. ಶೋಕೇಸಿನ ಕಪ್ಪುಗಳನ್ನು ಹೊರತೆಗೆದು ಅವುಗಳಲ್ಲಿ ಚಹಾ ಕುಡಿಯಿರಿ, ಒಡೆದರೆ ಒಡೆಯಲಿ. ಸೋಫಾದ ಪ್ಲಾಸ್ಟಿಕ್ ಹೊದಿಕೆಯನ್ನು ಕಿತ್ತೆಸೆದು ಕೌದಿಯನ್ನು ಹೊದಿಸಿರಿ. ಮಣ್ಣಾದರೆ ಒಗೆಯಬಹುದು, ಒಗೆದಷ್ಟೂ ಅದು ಮೆತ್ತಗಾಗುತ್ತದೆ. ಕೋಣೆಯ ನಡುವೆ ಹತ್ತು ಜನ ಕೂರುವಷ್ಟು ಪರಸಿ ನೆಲವನ್ನು ಖಾಲಿ ಬಿಡಿ. ಕಿರು ಕ್ರೈಸ್ತ ಸಮುದಾಯದ ಪ್ರಾರ್ಥನೆ ನಿಮ್ಮ ಮನೆಯಲ್ಲಿ ನಡೆಯುವ ದಿನ ಅಲ್ಲಿ ಜಮಖಾನೆ ಹಾಸಿ, ಮನೆಯ ಯಜಮಾನರೂ ಕೂಲಿಯವರೂ ಅದರ ಮೇಲೆಯೇ ಕುಳಿತುಕೊಳ್ಳಲಿ.

ಪ್ರಭು ಯೇಸು ತಮ್ಮ ಕೊನೆಯ ರಾತ್ರಿಯ ಊಟಕ್ಕೆ ಆರಿಸಿಕೊಂಡುದು ಸಜ್ಜುಗೊಳಿಸಿದ ಒಂದು ಮೇಲಂತಸ್ತಿನ ಕೋಣೆಯನ್ನು. ಸಂತ ಮಾರ್ಕರು ಅದನ್ನು ಹೇಳಲು ಮರೆತಿಲ್ಲ. ಆದರೆ ಆ ಕೋಣೆಯಲ್ಲಿ ಯಾವ ಪರದೆ ತೂಗಿತ್ತು, ಎಂಥ ದೀಪವಿತ್ತು ಎಂದು ಯಾರೂ ಬರೆದಿಡಲಿಲ್ಲ. ಅಲ್ಲಿನ ವಸ್ತುಗಳಲ್ಲಿ ನಮ್ಮ ನೆನಪಿನಲ್ಲಿ ಉಳಿದಿರುವುದು ರೊಟ್ಟಿ, ಪಾತ್ರೆ, ಒಂದು ಬೋಗುಣಿ ನೀರು, ಸೊಂಟಕ್ಕೆ ಕಟ್ಟಿದ ಒಂದು ಅಂಗವಸ್ತ್ರ. ಧೂಳು ಹಿಡಿದ ಕಾಲುಗಳನ್ನು ಗುರುವೇ ತೊಳೆದ ಕೋಣೆಯದು.

ಪ್ರತಿ ಡಿಸೆಂಬರಿನಲ್ಲಿ ನಾವು ಇದೇ ಪಡಸಾಲೆಯಲ್ಲಿ ಗೋದಲಿಯನ್ನು ಕಟ್ಟುತ್ತೇವೆ. ಛತ್ರದಲ್ಲಿ ಸ್ಥಳ ಸಿಗದ ಕುಟುಂಬದ ಗೊಂಬೆಗಳನ್ನು ಹುಲ್ಲಿನ ಮೇಲಿರಿಸಿ, ದೀಪ ಹಚ್ಚಿ, ಅವರಿಗಾಗಿ ಕಣ್ಣೀರು ತರುವಂತೆ ಹಾಡುತ್ತೇವೆ. ಈ ವರ್ಷ ಹಾಡುತ್ತಿರುವಾಗ ಬಾಗಿಲ ಕಡೆಗೂ ಒಮ್ಮೆ ನೋಡಿರಿ. ಹೊಲದಿಂದ ಬಂದ ಯಾರಾದರೂ ಚಪ್ಪಲಿಗಳ ಪಕ್ಕದಲ್ಲಿ ಕುಳಿತಿದ್ದರೆ, ಹಾಡನ್ನು ಅಲ್ಲಿಗೇ ನಿಲ್ಲಿಸಿ, ಎದ್ದು ಹೋಗಿ, ಕೈಹಿಡಿದು ಒಳಗೆ ಕರೆತನ್ನಿರಿ. ನಾನು ಎರಡನೆಯ ಸಲ ಕರೆಯಲಿಲ್ಲ. ನೀವು ಕರೆಯಿರಿ.