ಗುಮ್ಮಟ ಕೂಡ್ಸೋ ಹೊತ್ತಿಗೆ ಹುಡುಗೀರು ಎಲ್ಲಿರ್ತಾರ?

ನೋಡ್ರವ್ವ, ಬ್ಯಾಸಿಗಿ ರಜೆ ಬಂತಂದ್ರ ಬೆಂಗಳೂರು, ಹೈದರಾಬಾದಿನಿಂದ ಬರೋ ಮೊಮ್ಮಕ್ಕಳ ಚೀಲದಾಗ ಲೆಗೊ ಇಟ್ಟಿಗಿ ಡಬ್ಬಿ ಇರ್ತಾವು. "ಪ್ಲಾಸ್ಟಿಕ್ಕಿಗೆ ಇಷ್ಟು ರೊಕ್ಕನಾ!" ಅಂತ ಮೂಗು ಮುರಿಯೋರು ಅದಾರ. ನನ್ನ ತಕರಾರು ರೊಕ್ಕದ್ದಲ್ಲ. ಓಣಿ ಹುಡುಗ್ರು ಹುಡುಗೀರು ಕೂಡಿ ಕಟ್ಟಾಕ ಕುಂತಾಗ, ಮನಿ ಕೆಲಸಕ್ಕಂತ ಹುಡುಗೀರನ್ನ ಮಾತ್ರ ಯಾಕ ಎಬ್ಬಸ್ತೀವಿ?

ಇದೇನು ಸಣ್ಣ ಆಟ ಅಲ್ಲ. ಡೆನ್ಮಾರ್ಕಿನ ಬಿಲ್ಲುಂಡ್ ಅನ್ನೋ ಊರಾಗ ಒಬ್ಬ ಬಡಗಿ 1932ರಾಗ ಕಟಿಗಿ ಆಟಿಗಿ ಮಾಡಾಕ ಹಿಡಿದ. ಈಗಿನ ಇಟ್ಟಿಗಿ ಬಂದಿದ್ದು 1958ಕ್ಕ. ಎಂಟು ಗುಬಟಿನ ಬರೇ ಆರು ಇಟ್ಟಿಗಿ ಕೊಟ್ರ, ಅವನ್ನ 91 ಕೋಟಿಗೂ ಹೆಚ್ಚು ಥರ ಜೋಡಸಬಹುದಂತ ಲೆಕ್ಕ ಹಾಕ್ಯಾರ. 2017ರಾಗ ಬಂದ ತಾಜಮಹಲಿನ ಡಬ್ಬ್ಯಾಗ 5,923 ತುಣುಕು! ಇಂಥದ್ದನ್ನ ಒಬ್ಬರೇ ಕಟ್ಟಬಹುದು, ಆದ್ರ ಕೂಡಿ ಕಟ್ಟಿದ ರುಚಿನೇ ಬ್ಯಾರೆ. ಒಬ್ಬಾಕಿ ಅಕ್ಕಿ ಆರಿಸಿದಂಗ ತುಣುಕು ವಿಂಗಡಸಬೇಕು, ಒಬ್ಬ ಪುಸ್ತಕ ನೋಡಿ ಹೇಳಬೇಕು, ಇನ್ನೊಬ್ಬಾಕಿ ತಳ ಹಿಡಿಬೇಕು. ಮೂರನೇ ಸಾಲಿನ ತಪ್ಪು ಮೂವತ್ತನೇ ಸಾಲಿಗೆ ಗೊತ್ತಾಗ್ತೈತಿ. ಆಗ ಜಗಳ ಆಡಲಾರದ ಬಿಚ್ಚಿ, ಮತ್ತ ಕಟ್ಟಾದು ಐತಲ್ಲ, ಅದು ಮುಂದ ಸಂಸಾರಕ್ಕೂ ಬೇಕು, ನೌಕರಿಗೂ ಬೇಕು.

ಆದ್ರ ನಮ್ಮ ಮನ್ಯಾಗ ಆಗಾದೇನು? ತುಣುಕು ಆರಿಸಿ ಕೊಡಾಕ ಹುಡುಗಿ ಬೇಕು. ಅರ್ಧ ಗ್ವಾಡಿ ಏಳೋದ್ರಾಗ "ಯವ್ವಾ, ನೀರು ತಾ", "ಮುಸುರಿ ತಿಕ್ಕು", "ತಮ್ಮನ್ನ ಎತ್ಕೋ" ಅಂತ ಕರೆ ಬರ್ತೈತಿ. ಆಕಿ ಕೈ ಒರಸ್ಕೊಂಡು ಬರಾದ್ರಾಗ ಗುಮ್ಮಟ ಕುಂತಿರ್ತೈತಿ, ಫೋಟೋನೂ ಆಗಿರ್ತೈತಿ. ವಾಟ್ಸಪ್ಪಿನಾಗ "ನಮ್ಮ ಹುಡುಗ ಎಂಜಿನಿಯರ್ ಆಗ್ತಾನ" ಅಂತ ಬರ್ಕೊಂತೀವಿ. ವಿಂಗಡಿಸಿದಾಕಿ ಏನಾಗಬೇಕಂತ ಯಾರೂ ಕೇಳಂಗಿಲ್ಲ. ಹಿಂಗ ನಾಕು ಸಲ ಆದ್ರ, ಐದನೇ ಸಲ ಆಕಿನೇ ಕುಂದ್ರಂಗಿಲ್ಲ. "ನನಗ ಬರಂಗಿಲ್ಲ" ಅಂತಾಳ. ನನಗ ಸಂಕಟ ಆಗಾದು ಆ ಮಾತಿಗೆ.

"ಹೆಣ್ಣುಮಕ್ಕಳು ಮನಿ ಕೆಲಸ ಕಲೀಬ್ಯಾಡ್ವಾ?" ಅಂತ ಅತ್ತಿಗೇರು ಕೇಳಬಹುದು. ಕಲೀಲಿ. ಗಂಡು ಹುಡುಗ್ರೂ ಕಲೀಲಿ. ಕೆಲಸ ತಡೀತೈತಂದ್ರ ಹತ್ತು ನಿಮಿಷ ಬಿಡ್ರಿ. ತಡಿಯಂಗಿಲ್ಲಂದ್ರ ಎಲ್ಲಾರನೂ ಎಬ್ಬಸ್ರಿ, ಕಟ್ಟಾದು ಅಲ್ಲಿಗೇ ನಿಲ್ಲಲಿ.

ಕಟ್ಟಾದು ಹೆಂಗಸರಿಗೆ ಹೊಸದಾ? ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡಿದ ಕೈ ನಮ್ಮವು. ದೀಪಾವಳಿಗೆ ಸಗಣೀಲಿ ಹಟ್ಟಿ ಲಕ್ಕವ್ವನ್ನ ಕೂಡ್ಸೋರು ನಾವು. ಯಾವ ಪುಸ್ತಕ ನೋಡಿ ಮಾಡಿದ್ವಿ? ಒಬ್ಬಾಕಿ ಕಲಸಿದ್ರ ಒಬ್ಬಾಕಿ ತಿದ್ದಾಕಿ, ಇನ್ನೊಬ್ಬಾಕಿ ಹೂ ಏರ್ಸಾಕಿ. ಹಂಪಿ ಕಲ್ಲಿನ ತೇರು ನೋಡ್ರಿ, 50 ರೂಪಾಯಿ ನೋಟಿನ ಹಿಂದನೂ ಐತಿ. ಒಂದೇ ಬಂಡಿ ಕಡೆದು ಮಾಡ್ಯಾರಂತ ಕಾಣ್ತೈತಿ, ಖರೇ ಅಂದ್ರ ಎಷ್ಟೋ ಕಲ್ಲು ಜೋಡಿಸಿ ಸಂದು ಕಾಣದಂಗ ಮಾಡ್ಯಾರ. ಕೂಡಿ ಮಾಡಿದ ಕೆಲಸ ಹಂಗಿರಬೇಕು, ಕೈ ಬ್ಯಾರೆ ಬ್ಯಾರೆ ಇದ್ರೂ ಕಡೀಕೆ ತೇರು ಒಂದೇ.

ಅದಕ್ಕ ನನ್ನ ಮಾತು ಇಷ್ಟು. ನಾಕು ಮನಿಯವರು ನಾಕು ಸಣ್ಣ ಡಬ್ಬಿ ತರಾಕಿಂತ, ಕೂಡಿ ಒಂದು ದೊಡ್ಡದು ತರ್ರಿ. ಮೂರು ವರ್ಷದೊಳಗಿನ ಕೂಸುಗಳನ್ನ ದೂರ ಇಡ್ರಿ, ತುಣುಕು ಬಾಯಾಗ ಹಾಕ್ಕೊಂತಾವು. ವಿಂಗಡಸಾದು, ಪುಸ್ತಕ ಓದಾದು, ಕಟ್ಟಾದು ಪಾಳಿ ಮ್ಯಾಲೆ ಎಲ್ಲಾರಿಗೂ ಬರಲಿ. ಗುಮ್ಮಟ ಕೂಡ್ಸೋವಾಗ ಎಲ್ಲಾರೂ ಇರಲಿ, ಫೋಟೋದಾಗೂ ಇರಲಿ. ಅಡಿಗಿ ಮನಿಯಿಂದ ಕರೆಯಾದಿದ್ರ, ಅಕ್ಕನ ಹೆಸರು ಒಂದೇ ಅಲ್ಲ, ತಮ್ಮನ ಹೆಸರೂ ಕೂಗ್ರವ್ವ.