ಎಕ್ಸ್‌ರೇ ಚೆನ್ನಾಗಿದೆ, ಮತ್ತೆ ಸ್ಕ್ಯಾನ್ ಯಾಕೆ?

ಸೋದರಿಯರೇ, ಈ ಸಲ ಅಡುಗೆಮನೆ ಬಿಟ್ಟು ಸ್ಕ್ಯಾನ್ ಕೋಣೆ ಮುಂದಿನ ಬೆಂಚಿಗೆ ಬನ್ನಿ. ಹೋದ ವರ್ಷ ಅಲ್ಲಿ ಕೂತಿದ್ದವಳು ನಾನು.

ಬಸವೇಶ್ವರನಗರದ ನನ್ನ ಓರಗಿತ್ತಿಗೆ ರಕ್ತದ ಕ್ಯಾನ್ಸರು. ಅವರ ತಮ್ಮನ ಸ್ಟೆಮ್ ಸೆಲ್ ತೆಗೆದು ಕಸಿ ಮಾಡಿದ್ದರು. ಭಾರತದಲ್ಲಿ ಇಂಥ ಮೊದಲ ಯಶಸ್ವಿ ಕಸಿ ಆದದ್ದು 1983ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಂತೆ. ಅಕ್ಕನಿಗೆ ಹನ್ನೆರಡನೆಯ ದಿನ ಜ್ವರ ಬಂತು, ಔಷಧಿ ಕೊಟ್ಟರೂ ನಾಲ್ಕು ದಿನ ಇಳಿಯಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದ ಡಾಕ್ಟರೇ ಸಿ.ಟಿ. ಸ್ಕ್ಯಾನ್ ಬರೆದರು. “ಏನೂ ಇಲ್ಲ ಅಂತಾರೆ, ಮತ್ತೆ ದುಡ್ಡು ಕೀಳ್ತಾರೆ” ಅಂತ ಭಾವನವರು ರೇಗಿದರು. ನಿಜ ಹೇಳ್ತೀನಿ, ನಾನೂ ಹೌದೆಂದು ತಲೆಯಾಡಿಸಿದೆ.

ಡಾಕ್ಟರಮ್ಮ ಬೇಸರಪಡದೆ ತಿಳಿಸಿದರು. ನಮ್ಮಂಥವರ ಶ್ವಾಸಕೋಶಕ್ಕೆ ರೋಗಾಣು ಹೊಕ್ಕರೆ ಬಿಳಿರಕ್ತಕಣಗಳು ಮುತ್ತಿ ಕಾದಾಡುತ್ತವೆ, ಕೀವು ಕಟ್ಟುತ್ತದೆ, ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಕಸಿಯಾದ ಮೊದಲ ಎರಡು ಮೂರು ವಾರ ಆ ಕಣಗಳೇ ಇರುವುದಿಲ್ಲವಲ್ಲ! ಕಾದಾಟವಿಲ್ಲ, ಗುರುತೂ ಇಲ್ಲ. ಮೇಲಾಗಿ ಎಕ್ಸ್‌ರೇ ಅಂದರೆ ಇಡೀ ಎದೆಯ ಒಂದೇ ನೆರಳು. ಹೃದಯದ ಹಿಂದಿನ ಚುಕ್ಕೆ ಮರೆಯಾಗಿಬಿಡುತ್ತದೆ. ಸಿ.ಟಿ.ಯಾದರೋ ಸೌತೆಕಾಯಿ ಬಿಲ್ಲೆ ಹೆಚ್ಚಿದಂತೆ ಪದರ ಪದರವಾಗಿ ತೋರಿಸುತ್ತದೆ.

ತೋರಿಸಿಯೂ ಬಿಟ್ಟಿತು. ಬಲಗಡೆ ಒಂದು ಗಂಟು, ಸುತ್ತ ಮಂಜಿನ ಬಳೆ. ಇಂಥ ರೋಗಿಯಲ್ಲಿ ಅದು ಬೂಷ್ಟಿನ ಸೋಂಕಿನ ಸುಳಿವಂತೆ. ಅಂದು ಸಂಜೆಯೇ ಅದರ ಔಷಧಿ ಶುರುವಾಯಿತು. ವಾರದ ಮೇಲೆ ಮತ್ತೆ ಸ್ಕ್ಯಾನ್ ಮಾಡಿದರೆ ಗಂಟು ದೊಡ್ಡದಾಗಿದೆ! ಭಾವನವರು ಕುಸಿದು ಕೂತರು. ಔಷಧಿ ಹಿಡಿದಿದ್ದರೂ ಮೊದಲ ಏಳೆಂಟು ದಿನ ಅದು ಹಿಗ್ಗುವುದುಂಟಂತೆ. ನಿಮ್ಮವರಿಗೂ ಹಾಗಾದರೆ ಹೆದರಬೇಡಿ, ಡಾಕ್ಟರನ್ನು ಕೇಳಿ. ಅಕ್ಕನ ಜ್ವರ ಆಗಲೇ ಇಳಿಯುತ್ತಿತ್ತು.

ಇನ್ನೊಂದು ಮಾತು. ಕಸಿಯಾದವರ ತೂಕ ದಿಢೀರನೆ ಏರಿದರೆ, ಹೊಟ್ಟೆ ಉಬ್ಬಿದರೆ, ಕಣ್ಣು ಹಳದಿಯಾದರೆ ಕೂಡಲೇ ಹೇಳಿ. ಈಲಿಯ ಸಣ್ಣ ರಕ್ತನಾಳಗಳು ಕಟ್ಟಿಕೊಂಡಿರಬಹುದು. ಡಾಪ್ಲರ್ ಅಲ್ಟ್ರಾಸೌಂಡಿನಲ್ಲಿ ರಕ್ತ ಯಾವ ಕಡೆ ಹರಿಯುತ್ತಿದೆ ಅನ್ನುವುದೂ ಕಾಣುತ್ತದೆ. ಅದರಲ್ಲಿ ವಿಕಿರಣವಿಲ್ಲ, ನೋವೂ ಇಲ್ಲ.

ಈ ಬೂಷ್ಟು ಇರುವುದು ಧೂಳಿನಲ್ಲಿ, ಕುಂಡದ ಮಣ್ಣಿನಲ್ಲಿ, ಒದ್ದೆ ಗೋಡೆಯಲ್ಲಿ. ಅಕ್ಕ ಮನೆಗೆ ಬರುವ ಹೊತ್ತಿಗೆ ಪಕ್ಕದ ಸೈಟಿನಲ್ಲಿ ಹಳೇ ಮನೆ ಕೆಡವುತ್ತಿದ್ದರು. ಆ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿದೆವು, ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ತುಳಸಿ ಕುಂಡವನ್ನು ಎದುರುಮನೆಯವರ ತಾರಸಿಗೆ ಸಾಗಿಸಿದೆವು. ಅದಿನ್ನೂ ಅಲ್ಲೇ ಇದೆ, ದೀಪ ಅವರೇ ಹಚ್ಚುತ್ತಿದ್ದಾರೆ.